ಮಾಲತೇಶಪ್ಪನ ಗ್ಯಾಸ್ ಕಟರ್ರೂ ಹಾವೇರಿಯ ಎಟಿಎಮ್ಮೂ

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ನಡೆಸುತ್ತಿದ್ದ ಮಾಲತೇಶಪ್ಪನಿಗೆ ದೇವರು ಎರಡು ವಿದ್ಯೆ ಕೊಟ್ಟಿದ್ದ. ಒಂದು, ಕಬ್ಬಿಣಕ್ಕೆ ಕಬ್ಬಿಣ ಅಂಟಿಸುವುದು. ಇನ್ನೊಂದು, ಮಾತಿಗೆ ಮಾತು ಅಂಟಿಸುವುದು. ಮೊದಲನೆಯದು ಆಗಾಗ ಬಿಟ್ಟುಕೊಳ್ಳುತ್ತಿತ್ತು. ಎರಡನೆಯದು ಬಿಟ್ಟುಕೊಂಡದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಅಂಗಡಿಯ ಎದುರಿಗೆ ಜೈತೂನಬಿಯ ಮಿರ್ಚಿ ಮಂಡಕ್ಕಿಯ ಅಂಗಡಿ. ಬೆಳಗಿನ ಚಹಾಕ್ಕೆ ಅಲ್ಲಿ ಸೇರುತ್ತಿದ್ದವರಲ್ಲಿ ಬೀಜದಂಗಡಿಯ ಹಾಲೇಶಪ್ಪನೇ ಹಿರಿಯ. ಪೇಪರು ಗಟ್ಟಿಯಾಗಿ ಓದುವ ಹಕ್ಕು ಅವನದು. ಅಂದು ಶನಿವಾರ ಅವನು ಓದಿದ ಸುದ್ದಿಗೆ ಎಲ್ಲರ ಕೈಯಲ್ಲಿನ ಮಿರ್ಚಿ ಅರ್ಧಕ್ಕೇ ನಿಂತಿತು. ಹಾವೇರಿಯಲ್ಲಿ ಕಳ್ಳರು ಒಂದು ಬ್ಯಾಂಕಿನ ಎಟಿಎಂ ಯಂತ್ರವನ್ನೇ ಬುಡಸಮೇತ ಕಿತ್ತು, ಟೆಂಪೋದಲ್ಲಿ ಹೇರಿಕೊಂಡು ಹೋಗಿದ್ದರು.

ನಮ್ಮ ಕಡೆಗೆ ಎಟಿಎಂ ಆಗಿನ್ನೂ ಹೊಸದು. ಅದರೊಳಗೆ ಜನ ಒಬ್ಬೊಬ್ಬರೇ ಹೋಗುತ್ತಿರಲಿಲ್ಲ. ಗುಂಡಿ ಒತ್ತಲು ಒಬ್ಬ, ಯಾವ ಗುಂಡಿ ಎಂದು ಹೇಳಲು ಇಬ್ಬರು, ಹೀಗೆ ಹೋಗುತ್ತಿದ್ದರು. ಅಂಥದ್ದನ್ನು ಇಡಿಯಾಗಿ ಕದ್ದರು ಎಂದರೆ ಕಳ್ಳರ ಮೇಲೆ ಸಿಟ್ಟಿಗಿಂತ ಬೆರಗೇ ಹೆಚ್ಚಾಯಿತು.

"ಹೊತಗೊಂಡ ಹೋದ್ರ ಏನ್ ಬಂತು?" ಎಂದ ಹಾಲೇಶಪ್ಪ, ಕನ್ನಡಕ ತೆಗೆದು. "ತೆಗಿಯಾಕ ಬರಬೇಕಲ್ಲ! ಒಳಗ ಉಕ್ಕಿನ ಬಾಗಲ ಇರತೈತಿ. ಎಂಥಾ ವೆಲ್ಡರನ ಕೈಲೂ ಅದು ಆಗೂದಿಲ್ಲ."

ಕೊನೆಯ ಮಾತೊಂದನ್ನು ಅವನು ಆಡದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮಾಲತೇಶಪ್ಪ ಚಹಾದ ಬಸಿಯನ್ನು ಕೆಳಗಿಟ್ಟ.

"ಜೈತೂನಬಿ, ಒಂದು ಕಪ್ ಚಾ ಮಾಡಿ ಇಲ್ಲಿ ಇಡ್ರಿ. ಅದು ಆರೂದ್ರಾಗ ನಾ ಆ ಡಬ್ಬಿ ತೆಗದು ತೋರಸ್ತೇನಿ."

"ಮೊದಲ ನನ್ನ ಒಲಿ ಕಾಲು ಕೂಡಿಸಿಕೊಡಪಾ," ಎಂದಳು ಜೈತೂನಬಿ. "ನೀ ಹಚ್ಚಿಕೊಟ್ಟಿದ್ದು ಮೂರನೇ ಸಲ ಕಿತ್ತು ಬಂದೈತಿ."

ಎಲ್ಲರೂ ನಕ್ಕರು. ಮಾಲತೇಶಪ್ಪ ನಗಲಿಲ್ಲ. ಚಹಾ ಆರುವುದರೊಳಗೆ ಎಂಬ ಮಾತನ್ನು ಮತ್ತೆ ಮತ್ತೆ, ಒಂದೊಂದು ಸಲವೂ ಹೆಚ್ಚು ಗಟ್ಟಿಯಾಗಿ ಹೇಳಿದ. ಆಮೇಲೆ ಅಂಗಡಿಗೆ ಬೀಗ ಹಾಕಿ, ಗ್ಯಾಸ್ ಕಟರ್ ಸಾಮಾನು ಸಮೇತ, ಹೆಂಡತಿ ಬಸವಣ್ಣೆವ್ವನ ಜೊತೆ ಗುತ್ತಲಕ್ಕೆ ಹೊರಟುಹೋದ. ಎಲ್ಲಿಗೆ ಎಂದು ಓಣಿಯಲ್ಲಿ ಯಾರಿಗೂ ಹೇಳಲಿಲ್ಲ.

ಗುತ್ತಲದಲ್ಲಿ ಬಸವಣ್ಣೆವ್ವನ ಅಣ್ಣ ಸಿದ್ದಲಿಂಗಪ್ಪನ ಹೊಸ ಮನೆಯ ಗೃಹಪ್ರವೇಶ. ಆ ಮನೆಗೆ ಕಬ್ಬಿಣದ ತಲೆಬಾಗಿಲು ಮಾಡಿಕೊಟ್ಟವನು ಮಾಲತೇಶಪ್ಪನೇ. ಎಲ್ಲಾದರೂ ಸಣ್ಣಪುಟ್ಟ ತಿದ್ದುವುದಿದ್ದರೆ ಇರಲಿ ಎಂದು ಕಟರ್ ಒಯ್ದಿದ್ದ. ತಿದ್ದುವುದು ಸಣ್ಣದಿರಲಿಲ್ಲ. ಭಾನುವಾರ ಮುಹೂರ್ತದ ಹೊತ್ತಿಗೆ ಅಯ್ಯನವರು ಮಂತ್ರ ಮುಗಿಸಿ ಬಾಗಿಲಿಗೆ ಕೈ ಹಚ್ಚಿದರೆ ಬಾಗಿಲು ಅಲುಗಾಡಲಿಲ್ಲ. ನಾಲ್ಕು ಜನ ಭುಜ ಕೊಟ್ಟರೂ ಇಲ್ಲ. ಕಡೆಗೆ ನೆರೆದ ಬಂಧುಬಳಗದ ಎದುರಿಗೆ ಮಾಲತೇಶಪ್ಪ ತಾನು ಮಾಡಿದ ಬಾಗಿಲನ್ನು ತಾನೇ ಗ್ಯಾಸ್ ಹಚ್ಚಿ ಕತ್ತರಿಸಬೇಕಾಯಿತು. ಸಿದ್ದಲಿಂಗಪ್ಪ ದೊಡ್ಡ ಮನಸ್ಸಿನವನು. ಒಂದು ಕೆಟ್ಟ ಮಾತೂ ಆಡದೆ ಹೊಸ ಧೋತರ ಅಂಗಿ ಉಡುಗೊರೆ ಕೊಟ್ಟು ಆಯಾರ ಮಾಡಿ, ಒಂದು ಚೀಲ ಜೋಳ ಹೇರಿಸಿ, ಉಳಿದ ಚೀಲಗಳನ್ನು ಬೇಕಾದಾಗ ಒಯ್ಯಿ ಎಂದು ಹೇಳಿ, ಸೋಮವಾರ ತನ್ನದೇ ಟೆಂಪೋದಲ್ಲಿ ತಂಗಿಯನ್ನೂ ಅವಳ ಗಂಡನನ್ನೂ ರಾಣೆಬೆನ್ನೂರಿಗೆ ಕಳಿಸಿದ. ಧೂಳು ಬೀಳದಿರಲಿ ಎಂದು ಸಾಮಾನಿನ ಮೇಲೆ ತಾಡಪತ್ರಿ ಹೊದಿಸಿದ.

ಓಣಿ ಕಂಡದ್ದು ಇಷ್ಟು: ಹಾವೇರಿಯ ಎಟಿಎಂ ಹೋದ ಮರುದಿನ ಹೇಳದೆ ಕೇಳದೆ ಮಾಯವಾದ ಮಾಲತೇಶಪ್ಪ ಟೆಂಪೋದಲ್ಲಿ ಬಂದ. ಮೈಮೇಲೆ ಹೊಸ ಬಟ್ಟೆ. ತಾಡಪತ್ರಿಯ ಕೆಳಗಿಂದ ಮೊದಲು ಗ್ಯಾಸ್ ಕಟರ್ ಇಳಿಯಿತು. ಆಮೇಲೆ ಇಬ್ಬರು ಏದುಸಿರು ಬಿಡುತ್ತ ಒಂದು ಭಾರಿ ಚೀಲವನ್ನು ಒಳಗೆ ಒಯ್ದರು. ಬಾಗಿಲು ಮುಚ್ಚಿತು.

ಮರುದಿನ ಬೆಳಿಗ್ಗೆ ಮಾಲತೇಶಪ್ಪ ಚಹಾಕ್ಕೆ ಬಂದಾಗ ಬೆಂಚಿನ ಮೇಲಿದ್ದವರೆಲ್ಲ ಸರಿದು ಜಾಗ ಮಾಡಿದರು. ಹಾಗೆ ಎಂದೂ ಆಗಿರಲಿಲ್ಲ. ಹೊಸ ಅಂಗಿಯ ಪ್ರಭಾವ ಎಂದುಕೊಂಡ.

"ಎರಡ ದಿನ ಕಾಣಲಿಲ್ಲಲ್ಲ?" ಎಂದ ಹಾಲೇಶಪ್ಪ, ದನಿ ತಗ್ಗಿಸಿ.

"ಒಂದು ಕೆಲಸ ಇತ್ರಿ."

"ಆತೇನು?"

ತನ್ನದೇ ಬಾಗಿಲು ತನ್ನ ಮಾನ ಕಳೆಯಿತು ಎಂದು ಜೈತೂನಬಿಯ ಎದುರಿಗೆ ಹೇಳುವಷ್ಟು ದಡ್ಡನಲ್ಲ ಮಾಲತೇಶಪ್ಪ. ಹೇಳಬೇಕಾದಷ್ಟನ್ನು ಮಾತ್ರ ಹೇಳಿದ. "ಆತ್ರಿ. ಬಾಗಲ ಭಾಳ ಬಿಗಿ ಇತ್ತು. ನಾಕ್ ಮಂದಿ ಹತ್ತಿದ್ರೂ ಬರಲಿಲ್ಲ. ಕಡೀಕ ನಾನ ಗ್ಯಾಸ್ ಹಚ್ಚಿ ತೆಗದೆ."

ಜೈತೂನಬಿ ಬಾಣಲೆಯ ಮಿರ್ಚಿ ತಿರುವುವುದನ್ನು ಮರೆತಳು.

"ನಾಕ್ ಮಂದಿ?" ಎಂದ ಹಾಲೇಶಪ್ಪ. "ಆಮ್ಯಾಲೆ... ಎಲ್ಲಾರಿಗೂ ಮುಟ್ಟಿತ?"

"ಯಾರೂ ಬರಿಗೈಲೆ ಹೋಗಲಿಲ್ಲ ಬಿಡ್ರಿ! ನನಗ ಈ ಬಟ್ಟಿ, ಮ್ಯಾಲೆ ಒಂದ ಚೀಲ. ಉಳಿದದ್ದು ನಮ್ಮ ಭಾವನ ಮನ್ಯಾಗ ಐತಿ. ಬೇಕಾದಾಗ ಒಯ್ಯಿ ಅಂದಾನ."

ಹಾಲೇಶಪ್ಪ ಎದ್ದು ನಿಂತು, ಏನೋ ನೆನಪಾದವನಂತೆ ಕೂತ. ಜೈತೂನಬಿ ಯಾರೂ ಕೇಳದೆಯೇ ಎರಡನೆಯ ಚಹಾ ತಂದಿಟ್ಟಳು. ಒಲೆಯ ಕಾಲಿನ ಮಾತೆತ್ತಲಿಲ್ಲ.

ಅಂದಿನಿಂದ ಮಾಲತೇಶಪ್ಪನ ದಿನಗಳು ಸುಖವಾಗಿ ಸಾಗಿದವು. ಎದುರಾದವರು ಸೈಕಲ್ಲಿನಿಂದ ಇಳಿದು ನಮಸ್ಕಾರ ಹೇಳಿದರು. ಬಡಗಿಗಳು, ಕಿಟಕಿಯ ಅಳತೆ ಕೊಡಲು ಬಂದವರು ಅವನ ಕೈಗಳನ್ನೇ ನೋಡುತ್ತ ನಿಂತರು. ತಡವಾಗಿಯಾದರೂ ಊರಿಗೆ ತನ್ನ ಕಸಬಿನ ಬೆಲೆ ತಿಳಿಯಿತಲ್ಲ ಎಂದು ಅವನು ಸಮಾಧಾನಪಟ್ಟ. ಅವನ ಅಣ್ಣನ ಮಗ, ಆಟೋ ಓಡಿಸುವ ದುರ್ಗೇಶ, ವರ್ಷಕ್ಕೊಮ್ಮೆ ಕಾಣುವವನು, ಈಗ ಬಾಳೆಹಣ್ಣು ಹಿಡಿದುಕೊಂಡು ಬಂದ.

"ಕಾಕಾ, ಆ ಚೀಲದಾಗ ನನಗೂ ಒಂದ ಸ್ವಲ್ಪ..." ಎಂದು ಕೈ ಹಿಸುಕಿಕೊಂಡ.

"ಅಷ್ಟಕ್ಕ ಯಾಕ ಇಷ್ಟ ಸಂಕೋಚ? ನಾಕ್ ಸೇರು ಒಯ್ಯಿ."

ಸೇರಿನ ಲೆಕ್ಕದಲ್ಲಿ ಹಂಚುತ್ತಾನೆ ಎಂದರೆ ಎಷ್ಟು ಸಿಕ್ಕಿರಬೇಕು! ದುರ್ಗೇಶ ಕಾಕಾನ ಕಾಲಿಗೆ ಬಿದ್ದ. ಬಸವಣ್ಣೆವ್ವ ಅಳೆದು ಕೊಟ್ಟ ಜೋಳವನ್ನು ಮನೆಗೊಯ್ದು, ಪರಾತದಲ್ಲಿ ಸುರುವಿ, ಕೈಯಾಡಿಸಿ ಆಡಿಸಿ ನೋಡಿದ. ಜೋಳವೇ ಇತ್ತು. ಕಾಕಾ ಬಚ್ಚಿಡುವುದರಲ್ಲೂ ಪಳಗಿದವನು ಎಂದು ಗೆಳೆಯರಿಗೆ ಹೇಳಿದ. ಗೆಳೆಯರು ಇನ್ನಷ್ಟು ಗೆಳೆಯರಿಗೆ ಹೇಳಿದರು.

ಗುರುವಾರ ಮಧ್ಯಾಹ್ನ ಪೊಲೀಸ್ ಜೀಪು ಬಂದು ಅಂಗಡಿಯ ಮುಂದೆ ನಿಂತಾಗ ಓಣಿಯಲ್ಲಿ ಆಶ್ಚರ್ಯಪಟ್ಟವನು ಮಾಲತೇಶಪ್ಪ ಒಬ್ಬನೇ.

"ಬ್ಯಾಡಗಿ ಸ್ಟೇಶನ್ನಿಗೆ ಬರಬೇಕಂತ್ರಿ," ಎಂದ ಪೇದೆ. "ಕಟರ್ ತಗೋರಿ."

ಸ್ಟೇಶನ್ನಿನ ಗೇಟು ಮುರಿದಿರಬೇಕು ಎಂದುಕೊಂಡ ಮಾಲತೇಶಪ್ಪ. ಹೊಸ ಅಂಗಿ ತೊಟ್ಟು, ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಓಣಿಯ ಕಡೆಗೆ ಕೈ ಬೀಸುತ್ತ ಹೊರಟ. ಹಾಲೇಶಪ್ಪ ಟೋಪಿ ತೆಗೆದು ಎದೆಗೆ ಹಿಡಿದ.

ಬ್ಯಾಡಗಿಯ ಸ್ಟೇಶನ್ನಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಎಟಿಎಂ ಯಂತ್ರ ಅಂಗಾತ ಬಿದ್ದಿತ್ತು. ಕೋಲ್ಡ್ ಸ್ಟೋರೇಜೊಂದರ ಹಿಂದಿನ ಗೋಡೆಯ ಹತ್ತಿರ ಖಾಲಿ ಮೆಣಸಿನಕಾಯಿ ಚೀಲಗಳ ರಾಶಿಯಡಿ ಅದು ಬೆಳಿಗ್ಗೆ ಹಮಾಲರಿಗೆ ಸಿಕ್ಕಿತ್ತು. ಮುಖವೆಲ್ಲ ಜಜ್ಜಿಹೋಗಿತ್ತು, ಒಳಗಿನ ಉಕ್ಕಿನ ಬಾಗಿಲು ಮಾತ್ರ ಗಟ್ಟಿಯಾಗಿತ್ತು. ಸಂದುಗೊಂದುಗಳಲ್ಲೆಲ್ಲ ಕೆಂಪು ಮೆಣಸಿನಕಾಯಿ ಹುಡಿ. ಯಂತ್ರ ನೋಡಲು ಪೇಟೆಯ ಅರ್ಧ ಜನ ಕಂಪೌಂಡಿನ ಮೇಲೆ ಹತ್ತಿ ಕೂತಿದ್ದರು.

ಪಿಎಸ್ಐ ವಿಜಯಮಹಾಂತೇಶ ಸಾವಧಾನದ ಮನುಷ್ಯ. ಕುರ್ಚಿ ತೋರಿಸಿದ.

"ಕುಂದ್ರಿ. ಚಾ ಆರೂದ್ರಾಗ ಇದನ್ನ ತೆಗಿತೇನಿ ಅಂದಿದ್ರಂತ, ಖರೇನ?"

ಹೊರಗಿನ ಊರಿನವರೆಗೂ ತನ್ನ ಹೆಸರು ಮುಟ್ಟಿದೆ! ಮಾಲತೇಶಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಖರೇರಿ ಸಾಹೇಬ್ರ. ಈಗೂ ಅದನ್ನ ಹೇಳ್ತೇನಿ."

"ಮೊನ್ನೆ ಯಾವುದೋ ಬಾಗಲ ಗ್ಯಾಸ್ ಹಚ್ಚಿ ತೆಗದ್ರಂತ?"

ಮಾಲತೇಶಪ್ಪನ ಮುಖ ಸಣ್ಣದಾಯಿತು. ಪೊಲೀಸರ ತನಕ ಈ ಮಾತು ಬರುವುದೆಂದರೇನು? ಒಂದು ಬಾಗಿಲು ಬಿಗಿಯಾದದ್ದು ಸರಕಾರದ ಮಟ್ಟದ ಸಂಗತಿಯೇ? ತೊದಲುತ್ತ ಗುತ್ತಲದ ಭಾವನ ಹೆಸರು ಹೇಳಿದ. ಪಿಎಸ್ಐ ಅಲ್ಲಿಗೇ ಫೋನ್ ಹಚ್ಚಿದ. ಸಿದ್ದಲಿಂಗಪ್ಪನಿಗೆ ಫೋನಿನಲ್ಲಿ ಕೂಗಿ ಮಾತಾಡುವ ರೂಢಿ, ಅಂಗಳಕ್ಕೆಲ್ಲ ಕೇಳುತ್ತಿತ್ತು.

"ಹೌದ್ರಿ ಸಾಹೇಬ್ರ! ನಮ್ಮ ಮಾಲತೇಶಪ್ಪನ ಕತ್ತರಿಸಿದ್ದು! ಹಾಡುಹಗಲ!"

"ಎಷ್ಟ ಮಂದಿ ಇದ್ರಿ?"

"ಮುನ್ನೂರ ಮಂದಿ! ಎಲ್ಲಾರೂ ಹೊಟ್ಟಿತುಂಬ ಉಂಡ್ರು!"

ಪಿಎಸ್ಐ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ನೋಡಿದ. ಮುನ್ನೂರು ಜನರ ಕಳ್ಳತನ ಅವನ ಸರ್ವೀಸಿನಲ್ಲಿ ಬಂದಿರಲಿಲ್ಲ. ಮತ್ತೆ ಕೇಳಿ, ಗೃಹಪ್ರವೇಶದ ಸಂಗತಿಯನ್ನು ಬಿಡಿಸಿಕೊಳ್ಳಲು ಇನ್ನಷ್ಟು ಹೊತ್ತು ಹಿಡಿಯಿತು. ಬಿಡಿಸಿಕೊಂಡ ಮೇಲೂ ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಭಾವ ಮೈದುನನ ಪರವಾಗಿ ಹೇಳುವುದು ಸಹಜ. ಅಲ್ಲದೆ ಕದ್ದದ್ದು ಶುಕ್ರವಾರ, ಗೃಹಪ್ರವೇಶ ಭಾನುವಾರ.

ಅಷ್ಟರಲ್ಲಿ ದುರ್ಗೇಶನ ಆಟೋದಲ್ಲಿ ಬಸವಣ್ಣೆವ್ವ ಬಂದಿಳಿದಳು. ಪಿಎಸ್ಐ ಪೇದೆಯನ್ನು ಬದಿಗೆ ಕರೆದು ಹೇಳುತ್ತಿದ್ದ ಮಾತು ಅವಳ ಕಿವಿಗೆ ಬಿತ್ತು.

"ಇವನ ಕೈಲೆ ಇದನ್ನ ತೆಗಸೋಣು. ತೆಗದ ಅಂದ್ರ ಕಳ್ಳರು ಇವನ್ನ ನಂಬೇ ತಂದಾರ, ಒಳಗ ಹಾಕು. ತೆಗಿಯಾಕ ಬರಲಿಲ್ಲ ಅಂದ್ರ ಬರೇ ಬಾಯಿ. ಮನೀಗೆ ಕಳಸು."

ಬಸವಣ್ಣೆವ್ವ ಮುಂದೆ ನುಗ್ಗಿದಳು. ಗಂಡನ ಹತ್ತಿರ ಹೋಗಲು ಪೇದೆ ಬಿಡಲಿಲ್ಲ. ದೂರದಿಂದಲೇ ಕೈ ಅಲ್ಲಾಡಿಸಿದಳು, ಬೇಡ, ಬೇಡ ಎಂದು. ಮಾಲತೇಶಪ್ಪ ಅದನ್ನು ಕಂಡ. ಜೀವಮಾನದಲ್ಲಿ ಮೊದಲ ಬಾರಿಗೆ ಹೆಂಡತಿ ತನ್ನ ಕೆಲಸ ನೋಡಲು ಬಂದು ಹುರಿದುಂಬಿಸುತ್ತಿದ್ದಾಳೆ! ಅವಳ ಕಡೆಗೆ ತಲೆ ಬಾಗಿಸಿ, ಕಪ್ಪು ಕನ್ನಡಕ ಏರಿಸಿದ.

ಹಾವೇರಿಯಿಂದ ಬಂದಿದ್ದ ಬ್ಯಾಂಕಿನ ಮ್ಯಾನೇಜರ್ ಮೈಸೂರಿನ ಕಡೆಯವರು. "ಸಾರ್, ಬೆಂಗಳೂರಿಂದ ಇಂಜಿನಿಯರ್ ನಾಳೆ ಕೀ ತರ್ತಾರೆ. ಒಳಗಿನ ನೋಟು ಸುಟ್ಟು ಹೋದ್ರೆ ನಾನೇನು ಹೇಳ್ಲಿ?" ಎಂದು ಪಿಎಸ್ಐ ಹಿಂದೆ ಹಿಂದೆಯೇ ತಿರುಗಿದರು.

"ನೋಟಿನ ತನಕ ಹೋಗೂದಿಲ್ಲ ಅಂತ ನನ್ನ ಅಂದಾಜು, ಸರ್," ಎಂದ ಪಿಎಸ್ಐ.

ಪೇದೆ ಒಂದು ಕಪ್ ಚಹಾ ತಂದು ಯಂತ್ರದ ಪಕ್ಕದಲ್ಲಿಟ್ಟ. ಮಾಲತೇಶಪ್ಪ ಕಟರ್ ಹೊತ್ತಿಸಿದ. ನೀಲಿ ಉರಿ ಬೀಗದ ಜಾಗಕ್ಕೆ ತಾಗಿತು. ಚಟಚಟ ಎಂದು ಬಣ್ಣ ಸುಲಿಯಿತು. ಆಮೇಲೆ ಮೆಣಸಿನಕಾಯಿ ಹುಡಿಗೆ ಉರಿ ಹತ್ತಿತು.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಅಡುಗೆಯವರು ಹೇಳುತ್ತಾರೆ. ಅದನ್ನು ಗ್ಯಾಸ್ ಕಟರಿನಲ್ಲಿ ಸುಟ್ಟು ನೋಡಿದವರು ಹಾಗೆ ಹೇಳಲಾರರು. ಘಾಟು ಎದ್ದು ಅಂಗಳ ತುಂಬಿತು. ಮೊದಲು ಮ್ಯಾನೇಜರ್ ಸೀನಿದರು. ಆಮೇಲೆ ಪೇದೆಗಳು ಸಾಲಾಗಿ ಸೀನಿದರು. ಕಂಪೌಂಡಿನ ಮೇಲಿದ್ದವರು ಕೆಮ್ಮುತ್ತ ಆಚೆ ಕಡೆಗೆ ಉದುರಿದರು. ಲಾಕಪ್ಪಿನಲ್ಲಿದ್ದ ಇಸ್ಪೀಟಿನ ಆಟಗಾರರು ತಪ್ಪೊಪ್ಪಿಕೊಳ್ಳುತ್ತೇವೆ, ಹೊರಗೆ ಬಿಡಿ ಎಂದು ಕೂಗಿದರು. ಪಿಎಸ್ಐ ಕಣ್ಣಿಗೆ ಕರವಸ್ತ್ರ ಹಿಡಿದು, ಅಳುತ್ತಲೇ, "ನಡೀಲಿ, ನಡೀಲಿ," ಎಂದ.

ಕನ್ನಡಕದೊಳಗಿದ್ದ ಮಾಲತೇಶಪ್ಪ ಒಮ್ಮೆ ತಲೆಯೆತ್ತಿ ನೋಡಿದ. ಊರಿಗೆ ಊರೇ ಕಣ್ಣೀರಿಡುತ್ತಿತ್ತು. ತನ್ನ ಕೆಲಸಕ್ಕೆ ಜನ ಇಷ್ಟೊಂದು ಮನಸೋತದ್ದನ್ನು ಕಂಡು ಇನ್ನೂ ಉಮೇದಿಯಿಂದ ಉರಿ ಹೆಚ್ಚಿಸಿದ.

ಚಹಾ ಆರಿತು. ಅದರ ಮೇಲೆ ಕೆನೆಗಟ್ಟಿ, ಬೇವಿನ ಎಲೆ ಬಿದ್ದು, ನೊಣ ಕೂತಿತು. ಉಕ್ಕಿನ ಬಾಗಿಲು ಕೆಂಪಗಾಯಿತು, ಆದರೆ ಬಾಯಿ ಬಿಡಲಿಲ್ಲ. ಮಾಲತೇಶಪ್ಪ ಮೇಲಿನಿಂದ ಹಚ್ಚಿದ, ಬದಿಯಿಂದ ಹಚ್ಚಿದ, ಕೂತು ಹಚ್ಚಿದ, ಮಲಗಿ ಹಚ್ಚಿದ. ಕಡೆಗೆ ಕಟರ್ ಪಟ್ ಎಂದು ಆರಿತು. ಸಿಲಿಂಡರ್ ಖಾಲಿ.

"ಸಾಹೇಬ್ರ," ಎಂದ ಬೆವರು ಒರೆಸಿಕೊಂಡು, "ಇನ್ನೊಂದು ಸಿಲಿಂಡರ್ ತರಸ್ರಿ. ಈಗ ತೆಗದೆ ಅನ್ನೂದ್ರಾಗ ಐತಿ."

ಬಸವಣ್ಣೆವ್ವನಿಂದ ಇನ್ನು ತಡೆಯಲಾಗಲಿಲ್ಲ. ಪೇದೆಯನ್ನು ದಾಟಿ ಮುಂದೆ ಬಂದಳು.

"ತರಸಬ್ಯಾಡ್ರಿ ಸಾಹೇಬ್ರ! ಇವರ ಕೈಲೆ ಆಗೂದಿಲ್ಲ! ನಮ್ಮ ಮನಿ ಅಲಮಾರದ ಕೀಲಿ ಕಳದು ಎಂಟ ತಿಂಗಳಾತು, ಅದನ್ನ ತೆಗದಿಲ್ಲ ಇವರು. ಅಣ್ಣನ ಮನಿ ಕಾರ್ಯಕ್ಕ ನಾ ನೆರಿಮನ್ಯಾಕಿ ಸರ ಹಾಕ್ಕೊಂಡ ಹೋಗೇನಿ. ಇವರು ಮಾಡಿದ್ದು ಬಿಚ್ಚಬಾರದಲ್ಲೆ ಬಿಚ್ಚತೈತಿ, ಬಿಚ್ಚಬೇಕಾದಲ್ಲೆ ಬಿಚ್ಚೂದಿಲ್ಲ. ಇವರು ಕಳ್ಳರಾಗಾಕ ಲಾಯಕ್ಕಿಲ್ರಿ ಯಪ್ಪಾ, ಕೈ ಮುಗಿತೇನಿ!"

ಕಣ್ಣೊರೆಸಿಕೊಳ್ಳುತ್ತಿದ್ದ ಜನ ನಗತೊಡಗಿದರು. ಹಮಾಲರು ಕೇಕೆ ಹಾಕಿದರು. ಮಾಲತೇಶಪ್ಪ ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದ. ಬಾಯಿ ತೆರೆದ. ಅಂಟಿಸಲು ಒಂದು ಮಾತೂ ಸಿಗಲಿಲ್ಲ.

ಪಿಎಸ್ಐಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಹಾವೇರಿಯಿಂದ ಫೋನೂ ಬಂತು. ಕಳ್ಳರು ಮೂವರು, ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದಿದ್ದರು. ಯಂತ್ರ ಇಳಿಸುವಾಗ ಒಬ್ಬನ ಪಾದ ಅದರಡಿ ಸಿಕ್ಕು ಅಪ್ಪಚ್ಚಿಯಾಗಿತ್ತು. ಅದನ್ನು ಜಜ್ಜುವಾಗ ಇನ್ನೊಬ್ಬನ ಹೆಬ್ಬೆರಳು ಹೋಗಿತ್ತು. ಮೂರನೆಯವನು ಮೆಣಸಿನಕಾಯಿ ಚೀಲ ಮುಚ್ಚಿದ ಕೈಯನ್ನೇ ಕಣ್ಣಿಗೆ ಹಚ್ಚಿಕೊಂಡು ಕಣ್ಣು ಬಿಡಲಾಗದೆ ಕೂತಿದ್ದ. ಅವರ ಟೆಂಪೋ ಜಪ್ತಿಯಾಗಿತ್ತು. "ಪ್ಯಾಟ್ಯಾಗ ಒಂದ ದಿನ ಚೀಲ ಹೊತ್ತಿದ್ರ ಇದಕಿಂತ ಲಾಭ ಇತ್ತು," ಎಂದು ಪಿಎಸ್ಐ ಫೋನಿಟ್ಟ. ಮಾಲತೇಶಪ್ಪನ ಹೆಸರನ್ನು ಆ ಮೂವರೂ ಕೇಳಿಯೇ ಇರಲಿಲ್ಲವಂತೆ. ಬಿಡುಗಡೆಗಿಂತ ಆ ಮಾತೇ ಮಾಲತೇಶಪ್ಪನಿಗೆ ಹೆಚ್ಚು ನಾಟಿತು.

ಮನೆಗೆ ಬಂದವನು ಎರಡು ದಿನ ಅಂಗಡಿ ತೆರೆಯಲಿಲ್ಲ. ಓಣಿಯಲ್ಲಿ ಈಗ ಯಾರೂ ಸೈಕಲ್ಲಿನಿಂದ ಇಳಿಯುತ್ತಿರಲಿಲ್ಲ. ದುರ್ಗೇಶ ನಾಲ್ಕು ಸೇರು ಜೋಳಕ್ಕಾಗಿ ತಂದ ಬಾಳೆಹಣ್ಣಿನ ದುಡ್ಡಿನ ಲೆಕ್ಕ ತೆಗೆದ. ಬಸವಣ್ಣೆವ್ವ ರೊಟ್ಟಿ ಬಡಿದು ಮುಂದಿಟ್ಟರೆ ಅವನು ಗೋಡೆ ನೋಡುತ್ತ ತಿಂದ.

"ಸಿಟ್ಟ ಬಂದೈತೇನ್ರಿ?" ಎಂದಳು.

"ಮಂದಿ ಮುಂದ ನನ್ನ ಕಸಬಿನ ಮಾನ ತೆಗದಿ."

"ಹಂಗಾದ್ರ ಜೇಲಿಗೆ ಕಳಸಬೇಕಿತ್ತನ? ಅಲ್ಲೆ ಒಳ್ಳೆ ಒಳ್ಳೆ ಬಾಗಲ ಇರತಾವಂತ," ಎಂದಳು ಅವಳು, ಇನ್ನೊಂದು ರೊಟ್ಟಿ ಹಾಕುತ್ತ. ಅವಳ ಕಣ್ಣು ಒದ್ದೆಯಾಗಿತ್ತು. ಈ ಸಲ ಮೆಣಸಿನಕಾಯಿ ಘಾಟು ಇರಲಿಲ್ಲ. ಮಾಲತೇಶಪ್ಪ ಗೋಡೆಯಿಂದ ಮುಖ ತಿರುಗಿಸಿ, ರೊಟ್ಟಿಗೆ ಇನ್ನಷ್ಟು ಪಲ್ಯ ಕೇಳಿದ.

ಸೋಮವಾರ ಬ್ಯಾಂಕಿನ ಮ್ಯಾನೇಜರ್ ಬೆಂಗಳೂರಿನ ಇಂಜಿನಿಯರನ್ನು ಕರೆದುಕೊಂಡು ಅಂಗಡಿಗೇ ಬಂದರು. ಇಂಜಿನಿಯರನ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು. ನಷ್ಟ ತುಂಬಿಕೊಡು ಎನ್ನಲು ಬಂದರೆಂದು ಬಸವಣ್ಣೆವ್ವ ಬಾಗಿಲಲ್ಲೇ ಕೈ ಮುಗಿದಳು.

"ನೀವೇನಾ ಅದಕ್ಕೆ ಗ್ಯಾಸ್ ಹಚ್ಚಿದ್ದು?" ಎಂದ ಇಂಜಿನಿಯರ್. "ಕಳ್ಳರು ಹೊಡೆದ ಮೇಲೂ ನನ್ನ ಕೀಗೆ ಅದು ತೆರೀತಿತ್ತು ಸಾರ್. ನೀವು ಹಚ್ಚಿದ ಮೇಲೆ ಬೀಗ, ಕೀಲು, ಬಾಗಿಲು ಎಲ್ಲ ಕರಗಿ ಒಂದೇ ಆಗಿಹೋಗಿದೆ. ಎರಡು ದಿನ ಡ್ರಿಲ್ ಮಾಡಿ ಹಿಂದಿನಿಂದ ತೂತು ಕೊರೆದು ತೆಗೆದ್ವಿ. ನಮ್ಮ ಕಂಪನಿ ಇಷ್ಟು ಭದ್ರವಾಗಿ ಯಾವತ್ತೂ ಮಾಡಿಲ್ಲ."

"ನೋಟು?" ಎಂದ ಮಾಲತೇಶಪ್ಪ, ಮೆಲ್ಲಗೆ.

"ಒಂದಕ್ಕೂ ಏನಾಗಿಲ್ಲ," ಎಂದರು ಮ್ಯಾನೇಜರ್. "ಸ್ವಲ್ಪ ಮೆಣಸಿನಕಾಯಿ ವಾಸನೆ ಬರ್ತಿದೆ, ಅಷ್ಟೆ. ನೋಡಿ ಮಾಲತೇಶಪ್ಪನವರೇ, ಹೊಸ ಮಷೀನ್ ಬರ್ತಿದೆ. ಅದನ್ನ ನೆಲಕ್ಕೆ ಕೂರಿಸಿ ಸುತ್ತ ಒಂದು ಕಬ್ಬಿಣದ ಚೌಕಟ್ಟು ಮಾಡಿಕೊಡಬೇಕು. ತೆಗೆಯೋ ಕೆಲಸ ಬೇಡ. ಬರೀ ಹಾಕೋದು."

ಚೌಕಟ್ಟು ಆಯಿತು. ಅದನ್ನು ಕಂಡು ಹಾವೇರಿಯ ಇನ್ನೊಂದು ಬ್ಯಾಂಕಿನವರು ಹೇಳಿಕಳಿಸಿದರು. ಸುದ್ದಿ ಬ್ಯಾಡಗಿಯ ಪೇಟೆಗೂ ಮುಟ್ಟಿ, ಮೆಣಸಿನಕಾಯಿ ವ್ಯಾಪಾರಿ ಶಂಭುಲಿಂಗ ಸಾಹುಕಾರ್ರು ಕಾರು ಮಾಡಿಕೊಂಡು ಬಂದರು. ಅವರಿಗೆ ತಮ್ಮ ಗೋದಾಮಿನ ಆಫೀಸಿಗೆ ಗಟ್ಟಿ ಬಾಗಿಲು ಬೇಕಿತ್ತು. ಜೈತೂನಬಿಯ ಅಂಗಡಿಯ ಬೆಂಚಿನ ಮೇಲೆ ಮಾತುಕತೆ ನಡೆಯಿತು. ಹಾಲೇಶಪ್ಪನೂ ಇದ್ದ.

"ಎಲ್ಲಾ ಛಲೋ ಐತಿ," ಎಂದರು ಸಾಹುಕಾರ್ರು. "ಒಂದ ಮಾತು ಖರೇ ಹೇಳು ಮಾಲತೇಶಪ್ಪ. ನಾಳೆ ಮನಸು ಕೆಟ್ಟು ನೀನ ಬಂದ್ರ, ಆ ಬಾಗಲ ತೆಗಿಯಾಕ ನಿನಗ ಬರತೈತೇನು?"

ಎದುರಿನ ತಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಬಸವಣ್ಣೆವ್ವ ಎರಡು ಹೆಜ್ಜೆ ಮುಂದೆ ಬಂದಳು. ಮಾಲತೇಶಪ್ಪ ಬಸಿಯನ್ನು ಕೆಳಗಿಟ್ಟು, ಹೊಸ ಅಂಗಿಯ ತೋಳು ಮಡಚಿ, ಎದೆ ಸೆಟೆಸಿ ಎದ್ದು ನಿಂತ.

"ಏನ್ ಕೇಳಿದ್ರಿ ಸಾಹುಕಾರ್ರ! ನನ್ನ ಕೈಲೆ? ಒಂದ ದಿನ ಅಲ್ಲ, ಒಂದ ವರ್ಷ ಕೊಡ್ರಿ, ಆಗೂದಿಲ್ಲ! ಈ ರಾಣೆಬೆನ್ನೂರಾಗ ಬಿಡ್ರಿ, ಇಡೀ ಹಾವೇರಿ ಜಿಲ್ಲಾದಾಗ, ತೆಗಿಯಾಕ ನನ್ನಷ್ಟು ಬರದಾಂವ ಇನ್ನೊಬ್ಬ ಇದ್ರ ಕರಕೊಂಡ ಬರ್ರಿ, ನೋಡೇ ಬಿಡೋಣು!"